ಮೇಜಿನ ಮೇಲೆ ಒಂದೇ ಡಬ್ಬಿ

ನಿಜ್ವಾ, ಒಮಾನ್
14 ನವೆಂಬರ್ 2024

ಅಪ್ಪಾ,

ಫೋನಿನಲ್ಲಿ ಅಮ್ಮ ದಿನಾ ಸಿಗುತ್ತಾರೆ, ನೀವು ಸಿಗುವುದಿಲ್ಲ. ಅಮ್ಮನ ಹಿಂದೆ ಕುರ್ಚಿಯಲ್ಲಿ ಕುಳಿತು, ನನ್ನ ತುಟಿ ಅಲ್ಲಾಡುವುದನ್ನು ನೋಡಿ ತಲೆಯಾಡಿಸುತ್ತೀರಿ. ಒಂದಕ್ಷರವೂ ಕೇಳಿಸಲಿಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಈ ಕಾಗದ. ಬರೆದು, ಫೋಟೋ ತೆಗೆದು, ನಿಮ್ಮ ಮೊಬೈಲಿಗೆ ಕಳಿಸುತ್ತೇನೆ. ನೀವೂ ಹಾಗೆಯೇ ಮಾಡಿ. ನಿಮ್ಮ ಅಕ್ಷರ ನೋಡದೆ ವರ್ಷಗಳಾದವು.

ಅಮ್ಮ ನನ್ನ ಬಾಣಂತನ ಮುಗಿಸಿ ಮಂಗಳೂರಿಗೆ ಹಿಂತಿರುಗಿ ನಾಳೆಗೆ ಒಂದು ತಿಂಗಳು. ಆಶಿತಾಳಿಗೆ ಮೂರು ತಿಂಗಳು ತುಂಬಿತು. ಹಗಲಿಡೀ ಚೆನ್ನಾಗಿರುತ್ತಾಳೆ. ಮಲಗಿಸಿದರೆ ಮಾತ್ರ ಯಾರೋ ಎಲ್ಲಿಗೋ ಕಳಿಸುತ್ತಿದ್ದಾರೆ ಎನ್ನುವ ಹಾಗೆ ಅಳುತ್ತಾಳೆ. ಅವಳು ಮಲಗಿದಾಗ ನಾನು ಮಲಗುವುದಿಲ್ಲ. ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತೇನೆ. ಆಮೇಲೆ ಗ್ಯಾಸು. ಆಮೇಲೆ ಬಾಗಿಲು. ಮತ್ತೆ ಉಸಿರು. ಮೊನ್ನೆ ನಿಮ್ಮ ಅಳಿಯ ಲಕ್ಷಿತ್ ಹೇಳಿದರು: “ಅಕ್ಷಯಾ, ನೀನು ಗ್ಯಾಸ್ ನೋಡಿದ್ದನ್ನು ನಾನು ನೋಡಿದ್ದೇನೆ. ಸಾಕಾ? ಬೇಕಾದ್ರೆ ಸಹಿ ಹಾಕಿ ಕೊಡ್ತೇನೆ.” ನಗು ಬಂತು. ನಕ್ಕು ಮತ್ತೊಮ್ಮೆ ಎದ್ದು ನೋಡಿದೆ.

ಈಗ ನಿಮಗೆ ಇಷ್ಟವಾಗುವ ಸುದ್ದಿ. ಲಕ್ಷಿತ್ ಅವರ ಕಂಪನಿಯವರು ಊರಿನ ತೂಕದ ಯಂತ್ರಗಳನ್ನೆಲ್ಲ ಪರೀಕ್ಷೆ ಮಾಡುವವರಲ್ಲವೇ, ಚಿನ್ನದಂಗಡಿಯದ್ದು, ಕ್ಲಿನಿಕ್ಕಿನದ್ದು. ಹೋದ ತಿಂಗಳು ಇಲ್ಲಿಯ ಒಂದು ಶೂಟಿಂಗ್ ಕ್ಲಬ್ಬಿಗೆ ಹೋಗಿದ್ದರು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತಕ್ಕಡಿ. ಮೇಲಿಂದ ರೆಪ್ಪೆಕೂದಲು ಬಿದ್ದರೂ ಅಂಕಿ ಬದಲಾಗುತ್ತದೆ. ತೋಟೆಗೆ ಕೋವಿಮದ್ದು ತುಂಬುವ ಕೋಣೆ ಅದು. ತುಂಬುತ್ತಿದ್ದವನು ಕೆಲಸ ಬಿಟ್ಟು ಬುರೈಮಿಗೆ ಹೋಗಿದ್ದಾನೆ. ಕ್ಲಬ್ಬಿನ ಕಾರ್ಯದರ್ಶಿ ಒಬ್ಬಳು ಒಮಾನಿ ಹೆಂಗಸು, ರಯ್ಯಾ ಅಂತ, ತಾನೂ ಗುಂಡು ಹೊಡೆಯುವವಳು. “ಕೈ ನಡುಗದ ಒಬ್ಬರು ಬೇಕು” ಎಂದಳಂತೆ. ಇವರು ಸುಮ್ಮನಿರಲಾರದೆ, “ನನ್ನ ಹೆಂಡತಿ ಕೆಮಿಸ್ಟ್ರಿ ಎಂಎಸ್ಸಿ, ಅವಳ ಅಪ್ಪ ಮೂವತ್ತು ವರ್ಷ ರೈಫಲ್ ಕ್ಲಬ್ಬಿನ ಕೋವಿ ಮೇಸ್ತ್ರಿ” ಎಂದು ಬಂದರು.

ವಾರಕ್ಕೆ ಮೂರು ಬೆಳಿಗ್ಗೆ. ಮಗುವನ್ನು ಕೆಳಮನೆಯ ಶಾಹುಲ್ ಹಮೀದರ ಹೆಂಡತಿ ನೋಡಿಕೊಳ್ಳುತ್ತಾರೆ. ಪೊಲೀಸ್ ಪರವಾನಗಿ, ಕಾಗದಪತ್ರ ಎಲ್ಲ ಕ್ಲಬ್ಬಿನದ್ದೇ. ಒಂದು ಚಿಟಿಕೆ ಮದ್ದೂ ಹೊರಗೆ ಹೋಗುವ ಹಾಗಿಲ್ಲ.

ರಯ್ಯಾಳದ್ದು ಹೊಸ ರೈಫಲು. ಸಾವಿರ ಮೀಟರಿಗೆ ಹೊಡೆಯುವಂಥದ್ದು. ಅಂಗಡಿಯ ತೋಟೆ ಅದಕ್ಕೆ ಒಗ್ಗುತ್ತಿಲ್ಲ, ಗುಂಡುಗಳು ಗುರಿಯ ಸುತ್ತ ಚೆಲ್ಲಾಪಿಲ್ಲಿ. ಫೆಬ್ರವರಿ ಏಳಕ್ಕೆ ಸ್ಪರ್ಧೆ. ಅಷ್ಟರೊಳಗೆ ಆ ನಳಿಗೆಗೆ ಯಾವ ಗುಂಡು, ಎಷ್ಟು ಮದ್ದು ಹಿಡಿಸುತ್ತದೆ ಎಂದು ನಾನು ಕಂಡುಹಿಡಿಯಬೇಕು. ನೀವು ಮಾಡುತ್ತಿದ್ದಿರಲ್ಲ, ನಾನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆನಲ್ಲ. ನಿಮ್ಮ ನಿಯಮಗಳನ್ನೆಲ್ಲ ಬರೆದು ಕಳಿಸಿ. ಎಲ್ಲ ನೆನಪಿದೆ ಅನಿಸುತ್ತದೆ. ನನಗೆ ನೆನಪಿದೆ ಅನಿಸಿದ್ದನ್ನು ಈಗ ನಾನು ನಂಬುವುದಿಲ್ಲ.

ನಿದ್ದೆಗಣ್ಣಿನ ಮಗಳು,
ಅಕ್ಷಯಾ


ಮಂಗಳೂರು
17 ನವೆಂಬರ್ 2024

ಮಗಾ ಅಕ್ಷಯಾ,

ಅಕ್ಷರ ಕೆಟ್ಟಿದೆ, ಓದಿಕೊ.

ಹೊಸ ನಳಿಗೆ ಹೊಸ ಮದುಮಗಳ ಹಾಗೆ. ಮೊದಲ ನೂರು ಗುಂಡು ಏನು ಹೇಳುತ್ತದೋ ಅದನ್ನು ನಂಬಬೇಡ. ಮದ್ದನ್ನು ಒಮ್ಮೆಗೆ ಏರಿಸಬೇಡ, ಕೆಳಗಿನಿಂದ ಸಣ್ಣ ಸಣ್ಣ ಮೆಟ್ಟಿಲು. ಪ್ರತಿ ಮೆಟ್ಟಿಲಿಗೆ ಐದು ತೋಟೆ. ಒಂದೇ ಗುಂಡು ನಡುವಿಗೆ ಬಿದ್ದರೆ ಹಿಗ್ಗಬೇಡ, ಐದೂ ಒಂದರ ಮೇಲೊಂದು ಬೀಳಬೇಕು. ಎಲ್ಲಿ ಬಿದ್ದರೂ ಸರಿ, ಒಟ್ಟಿಗೆ ಬೀಳಬೇಕು. ನಡುವಿಗೆ ತರುವುದು ಹೊಡೆಯುವವರ ಕೆಲಸ, ಒಟ್ಟಿಗೆ ಇಡುವುದು ನಮ್ಮದು. ನಿಮ್ಮಲ್ಲಿ ಸೆಕೆ ಹೆಚ್ಚು, ಬಿಸಿಗೆ ಮದ್ದು ಜೋರು ಮಾಡುತ್ತದೆ. ತುಂಬಿದ ತೋಟೆಯನ್ನು ಬಿಸಿಲಲ್ಲಿಡಬೇಡ.

ಮೇಜಿನ ಮೇಲೆ ಒಂದೇ ಡಬ್ಬಿ. ಎರಡನೆಯದನ್ನು ತೆಗೆಯುವ ಮೊದಲು ಮೊದಲನೆಯದು ಕಪಾಟಿನೊಳಗೆ ಹೋಗಬೇಕು, ಬೀಗ ಬೀಳಬೇಕು. ಇದಕ್ಕೆ ಯಾವ ಕಾರಣಕ್ಕೂ ವಿನಾಯಿತಿ ಇಲ್ಲ.

ಕೆಲಸದ ನಡುವೆ ಯಾರಾದರೂ ಕರೆದರೆ ಎದ್ದು ಹೋಗು, ಆದರೆ ಬಂದ ಮೇಲೆ ಮೊದಲಿನಿಂದ ಸುರು ಮಾಡು.

ನಿದ್ದೆ ಇಲ್ಲದ ದಿನ ಆ ಕೋಣೆಗೆ ಹೋಗಲೇಬೇಡ.

ಮಗುವಿನ ಫೋಟೋ ಕಳಿಸು. ನಿನ್ನದೂ.

ಗುರುವ
(ಅಪ್ಪ ಎಂದು ಬರೆಯುವ ಮೊದಲು ಕೈ ಸಹಿ ಮಾಡಿಬಿಟ್ಟಿತು)


ನಿಜ್ವಾ
12 ಡಿಸೆಂಬರ್ 2024

ಅಪ್ಪಾ,

ನಿಮಗೆ ಇಲ್ಲಿಯ ಬೆಳಗನ್ನು ಹೇಗೆ ತೋರಿಸಲಿ.

ಮಸೀದಿಯ ಬಾಂಗ್ ಮುಗಿದು ಆಕಾಶ ನೀಲಿಯಾಗುವ ಮೊದಲು ರಯ್ಯಾ ಗಾಡಿ ತಂದು ಕೆಳಗೆ ನಿಲ್ಲಿಸುತ್ತಾಳೆ. ಹಾರನ್ ಹೊಡೆಯುವುದಿಲ್ಲ, ಲೈಟನ್ನು ಎರಡು ಸಲ ಆರಿಸಿ ಹತ್ತಿಸುತ್ತಾಳೆ. ಖರ್ಜೂರದ ತೋಟಗಳು ಮುಗಿದು, ಮನೆಗಳು ಮುಗಿದು, ಆದಂ ಎಂಬ ಊರಿನ ಕಡೆಯ ದಾರಿಯಲ್ಲಿ ಬಯಲು ತೆರೆದುಕೊಳ್ಳುತ್ತದೆ. ಅಲ್ಲಿ ಮರವಿಲ್ಲ, ನೆರಳಿಲ್ಲ, ಕಲ್ಲಿನ ಹರಳು ಬಿಟ್ಟರೆ ಏನೂ ಇಲ್ಲ. ಚಾಪೆ ಹಾಸಿ ಅವಳು ಮಲಗುತ್ತಾಳೆ. ಪಕ್ಕದಲ್ಲಿ ನಾನು ದುರ್ಬೀನು ಹಿಡಿದು ಕೂರುತ್ತೇನೆ.

ಹೊಡೆದ ಮೇಲೆ ಗುಂಡು ತಲುಪುವ ತನಕ ಒಂದು ಹೊತ್ತಿದೆ, ಅಪ್ಪಾ. ಒಂದೂವರೆ ಸೆಕೆಂಡು. ನಿಮ್ಮ ಕ್ಲಬ್ಬಿನಲ್ಲಿ ಅದು ಇರಲಿಲ್ಲ, ಅಲ್ಲಿ ದೂರ ಕಡಿಮೆ. ಇಲ್ಲಿ ಸದ್ದು ಆಗಿ, ಭುಜ ಹಿಂದೆ ಸರಿದು, ಎಲ್ಲ ಮುಗಿದ ಮೇಲೂ ಏನೂ ಆಗಿರುವುದಿಲ್ಲ. ಆ ಹೊತ್ತಿನಲ್ಲಿ ನನಗೆ ಯಾವ ಹೆದರಿಕೆಯೂ ಇಲ್ಲ. ಇಡೀ ದಿನದಲ್ಲಿ ಹೆದರಿಕೆ ಇಲ್ಲದ್ದು ಅಷ್ಟೇ ಹೊತ್ತು.

ಬಿಸಿಲು ಏರಿದ ಮೇಲೆ ನೆಲ ಅಲುಗಲು ಸುರುವಾಗುತ್ತದೆ. ದುರ್ಬೀನಿನೊಳಗೆ ಗುರಿಯ ಹಲಗೆ ನೀರಿನೊಳಗೆ ಬಿದ್ದ ತಟ್ಟೆಯ ಹಾಗೆ ತೇಲುತ್ತದೆ. ಬಿಸಿಲುಗುದುರೆಗಳು ಎಡದಿಂದ ಬಲಕ್ಕೆ ಓಡಿದರೆ ಗಾಳಿ ಆ ಕಡೆಗೆ. ನೆಟ್ಟಗೆ ಮೇಲಕ್ಕೆ ಎದ್ದರೆ ಗಾಳಿ ನಿಂತಿದೆ. ಎಲ್ಲಿಯೂ ಇಲ್ಲದ ಕುದುರೆಗಳನ್ನು ನೋಡಿ ಇರುವ ಗಾಳಿಯನ್ನು ಹೇಳುವುದು ನನ್ನ ಕೆಲಸ. “ಉಮ್ ಆಶಿತಾ, ಗಾಳಿ?” ಎಂದು ಕೇಳುತ್ತಾಳೆ. ಇಲ್ಲಿ ತಾಯಂದಿರನ್ನು ಮಗುವಿನ ಹೆಸರು ಹಿಡಿದೇ ಕರೆಯುವುದು. ರಯ್ಯಾ ಪುಣೆಯಲ್ಲಿ ಓದಿದವಳು, ನಮ್ಮ ಮಾತು ಹಿಂದಿಯಲ್ಲಿ. ನನ್ನ ಹಿಂದಿ ಕೇಳಿ, “ನೀನು ಇಂಡಿಯಾದವಳು ಹೌದಾ? ನನ್ನ ಹಿಂದಿ ನಿನಗಿಂತ ಚೆಂದ ಉಂಟಲ್ಲ” ಎನ್ನುವ ಅರ್ಥದಲ್ಲಿ ಚುಚ್ಚುತ್ತಾಳೆ.

ಮೊದಲ ವಾರ ಐದು ಗುಂಡುಗಳು ಊಟದ ತಟ್ಟೆಯಷ್ಟು ಹರಡಿದವು. ನೀವು ಹೇಳಿದಂತೆ ಮೆಟ್ಟಿಲು ಮೆಟ್ಟಿಲಾಗಿ ಹೋದೆ. ಏಳನೇ ಮೆಟ್ಟಿಲಿನಲ್ಲಿ ಐದೂ ತೂತುಗಳನ್ನು ಅಂಗೈ ಮುಚ್ಚಿತು. ಗುಂಡನ್ನು ತೋಟೆಯ ಬಾಯಿಯಲ್ಲಿ ಕೂದಲಿನಷ್ಟು ಒಳಗೆ ಕೂರಿಸಿದೆ. ಮೊನ್ನೆ ಐನೂರು ಮೀಟರಿನಲ್ಲಿ ಐದೂ ಗುಂಡು ಇಲ್ಲಿಯ ಕಾಫಿ ಕುಡಿಯುವ ಪುಟ್ಟ ಬಟ್ಟಲಿನೊಳಗೆ ಬಿದ್ದವು. ರಯ್ಯಾ ಬಟ್ಟಲನ್ನೇ ತೆಗೆದುಕೊಂಡು ಹೋಗಿ ತೂತುಗಳ ಮೇಲೆ ಕವುಚಿ ಇಟ್ಟಳು. ಒಂದೂ ಹೊರಗೆ ಕಾಣಲಿಲ್ಲ. ಆಮೇಲೆ ಅದೇ ಬಟ್ಟಲಿಗೆ ಕಾಫಿ ಹೊಯ್ದು ನನಗೆ ಕೊಟ್ಟಳು.

ಕೋಣೆಯಲ್ಲಿ ಎರಡು ಡಬ್ಬಿ ಮದ್ದು ಇದೆ. ಕಪ್ಪು ಮುಚ್ಚಳದ್ದು ಹೊಸ ರೈಫಲಿಗೆ, ನಿಧಾನ ಉರಿಯುವುದು. ಹಸಿರು ಮುಚ್ಚಳದ್ದು ಕ್ಲಬ್ಬಿನ ಹಳೆಯ ಸಣ್ಣ ರೈಫಲುಗಳಿಗೆ, ಬೇಗ ಉರಿಯುವುದು. ಎರಡೂ ನೋಡಲಿಕ್ಕೆ ಒಂದೇ ಥರ, ಚಿಕ್ಕ ಕಪ್ಪು ಕಡ್ಡಿಗಳು. ಮೇಜಿನ ಮೇಲೆ ಒಂದೇ ಡಬ್ಬಿ ಇಡುತ್ತೇನೆ, ಚಿಂತೆ ಬೇಡ.

ನಿದ್ದೆ ಪರವಾಗಿಲ್ಲ. ಮಾಡುತ್ತೇನೆ.

ನಿಮ್ಮ ಸ್ಟೂಲಿನ ಮೇಲೆ ಕೂತಿದ್ದವಳು,
ಅಕ್ಷಯಾ


ಮಂಗಳೂರು
20 ಡಿಸೆಂಬರ್ 2024

ಮಗಾ,

ಐದು ಗುಂಡು ಬಟ್ಟಲಿನೊಳಗೆ ಬಿದ್ದ ಸಾಲನ್ನು ನಾಲ್ಕು ಸಲ ಓದಿದೆ. ಕ್ಲಬ್ಬಿನ ಹಳಬರಿಗೂ ತೋರಿಸಿದೆ. ಆಸ್ವಾಲ್ಡ್ ನಂಬಲಿಲ್ಲ. “ಬಟ್ಟಲು ಯಾವ ಸೈಜು ಕೇಳು” ಎಂದು ಬರೆದು ಕೊಟ್ಟ. ಹೊಟ್ಟೆಕಿಚ್ಚು.

ನೀನು ಕಳಿಸಿದ ಫೋಟೋದಲ್ಲಿ ನಿನ್ನ ಕಣ್ಣು ನೋಡಿದೆ. ಪರವಾಗಿಲ್ಲ ಎಂದು ಬರೆದಿದ್ದೀಯಲ್ಲ, ಎಷ್ಟು ಗಂಟೆ ಎಂದು ಬರೆ.

ಅಪ್ಪ

*ಅಕ್ಷಯಾ, ನಾನು ಅಮ್ಮ. ಇವರು ಬರೆದು ಮುಗಿಸಿ ಕನ್ನಡಕ ಹುಡುಕುವಾಗ ಸೇರಿಸ್ತಾ ಇದ್ದೇನೆ. ಇವರು ಮೊನ್ನೆಯಿಂದ ಊಟ ಸರಿ ಮಾಡುದಿಲ್ಲ. ನಿನ್ನ ಕಾಗದ ಬಂದ್ರೆ ಹಿತ್ತಿಲಲ್ಲಿ ಹೋಗಿ ಒಬ್ಬರೇ ಕೂತ್ಕೊಳ್ತಾರೆ. ಎಂತ ಬರೀತಿ ಮಾರಾಯ್ತಿ ನೀನು?*


ನಿಜ್ವಾ
29 ಜನವರಿ 2025

ಅಪ್ಪಾ,

ಇದನ್ನು ನೀವೊಬ್ಬರೇ ಓದಿ. ಅಮ್ಮನಿಗೆ ಬೇಡ.

ನಿಮ್ಮ ಪ್ರಶ್ನೆಗೆ ಒಂದು ತಿಂಗಳಾದರೂ ಉತ್ತರ ಬರೆಯಲಿಲ್ಲ. ಈಗ ಬರೆಯುತ್ತೇನೆ: ಎರಡು ಗಂಟೆ ನಿದ್ದೆ. ಕೆಲವು ದಿನ ಅದೂ ಇಲ್ಲ. ಈಚೆಗೆ ಕಣ್ಣು ತೆರೆದಿರುವಾಗಲೇ ಕನಸು ಬೀಳುತ್ತದೆ. ದೋಸೆ ಹುಯ್ಯುತ್ತಾ ಇರುತ್ತೇನೆ, ಕಾವಲಿ ಬಯಲಾಗುತ್ತದೆ, ಅಂಚಿನಲ್ಲಿ ಬಿಸಿಲುಗುದುರೆ ಓಡುತ್ತದೆ. ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡುತ್ತಿರುತ್ತೇನೆ, ನೋಡಿದರೆ ಕೈಯಲ್ಲಿ ದಿಂಬು, ಮಗು ತೊಟ್ಟಿಲಿನಲ್ಲೇ ಇದೆ. ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ಆಮೇಲೆ ಹೇಳಲು ಬರುವುದಿಲ್ಲ.

ಜನವರಿ ಇಪ್ಪತ್ತರ ಸೋಮವಾರ ಹಳೆಯ ರೈಫಲುಗಳಿಗೆ ತೋಟೆ ತುಂಬುತ್ತಿದ್ದೆ. ಶಾಹುಲ್ ಹಮೀದರ ಹೆಂಡತಿಯ ಫೋನು ಬಂತು: “ಮಗು ವಾಂತಿ ಮಾಡಿತು, ಮೈ ಬಿಸಿ ಉಂಟು, ಬೇಗ ಬಾ.” ಮದ್ದು ಸುರಿಯುವ ಗಾಜಿನ ಕೊಳವೆಯಲ್ಲಿ ಅರ್ಧ ಉಳಿದಿತ್ತು. ಅದನ್ನು ಹಾಗೇ ಬಿಡಬಾರದು ಎಂದು ಡಬ್ಬಿಗೆ ಸುರಿದು, ಮುಚ್ಚಿ, ಬೀಗ ಹಾಕಿ ಓಡಿದೆ. ಮಗುವಿಗೆ ಸಾಧಾರಣ ಜ್ವರ, ಎರಡು ದಿನದಲ್ಲಿ ಇಳಿಯಿತು.

ಶನಿವಾರ ಕಪ್ಪು ಡಬ್ಬಿಯಿಂದ ಸ್ಪರ್ಧೆಯ ಅರುವತ್ತು ತೋಟೆ ತುಂಬಿದೆ. ಒಂದೊಂದನ್ನೂ ತೂಗಿ, ಒಂದೊಂದನ್ನೂ ಅಳೆದು. ಇಷ್ಟು ಚೆಂದದ ಕೆಲಸ ನಾನು ಜೀವನದಲ್ಲಿ ಮಾಡಿಲ್ಲ. ರಯ್ಯಾ ಪೆಟ್ಟಿಗೆಯ ಮೇಲೆ ಅರಬ್ಬಿಯಲ್ಲಿ ನನ್ನ ಹೆಸರು ಬರೆದು ಕ್ಲಬ್ಬಿನ ತಿಜೋರಿಯಲ್ಲಿಟ್ಟಳು.

ಅಪ್ಪಾ, ನಿನ್ನೆ ಬೆಳಿಗ್ಗೆ ಹಾಲು ಕುಡಿಸುವಾಗ ಒಂದು ಚಿತ್ರ ಕಂಡಿತು. ಸೋಮವಾರ ಕೊಳವೆಯನ್ನು ಬಗ್ಗಿಸುತ್ತಿದ್ದೇನೆ, ಎಡಗೈಯಲ್ಲಿ ಮುಚ್ಚಳವಿದೆ, ಮುಚ್ಚಳ ಕಪ್ಪು.

ಹಸಿರಿರಬೇಕಿತ್ತು. ಹಸಿರು ಡಬ್ಬಿಯ ಮದ್ದು ಹಸಿರು ಡಬ್ಬಿಗೇ ಹೋಗಬೇಕಿತ್ತು. ಆ ದಿನ ಕಪ್ಪು ಡಬ್ಬಿ ಮೇಜಿನ ಮೇಲೆ ಇತ್ತೇ? ಇರಲಿಲ್ಲ ಎಂದು ಆಣೆ ಮಾಡುತ್ತಿದ್ದೆ, ನಿನ್ನೆಯ ತನಕ. ಈಗ ಇತ್ತು ಅನಿಸುತ್ತದೆ. ಅಥವಾ ಆ ಚಿತ್ರವೇ ಕನಸು. ಬೆರೆತಿದ್ದರೆ ತಕ್ಕಡಿಗೆ ಗೊತ್ತಾಗುವುದಿಲ್ಲ, ತೂಕ ಸರಿಯಾಗಿಯೇ ಇರುತ್ತದೆ, ಆದರೆ ಒಮ್ಮೆಲೇ ಉರಿದು ನಳಿಗೆ ಸಿಡಿಯಬಹುದು. ರಯ್ಯಾಳ ಕೆನ್ನೆ ಆ ಲೋಹಕ್ಕೆ ತಾಗಿಕೊಂಡೇ ಇರುತ್ತದೆ, ಹೊಡೆಯುವಾಗ.

ಲಕ್ಷಿತ್‌ಗೆ ಹೇಳಿದೆ. “ಮತ್ತೆ ಗ್ಯಾಸ್ ಕಥೆಯಾ?” ಎಂದು ತಲೆ ಸವರಿದರು. ಅವರದ್ದೂ ತಪ್ಪಲ್ಲ. ದಿನಕ್ಕೆ ಇಪ್ಪತ್ತು ಸಲ ಹೆದರುವವಳು ನಾನು, ಇಪ್ಪತ್ತು ಸಲವೂ ಏನೂ ಆಗಿರುವುದಿಲ್ಲ. ಇದು ಇಪ್ಪತ್ತೊಂದನೆಯದ್ದಾ, ಅಥವಾ ಇದೊಂದೇ ನಿಜವಾದದ್ದಾ?

ಹೇಳಿದರೆ ಅರುವತ್ತನ್ನೂ ಬಿಚ್ಚಬೇಕು, ಎರಡು ಡಬ್ಬಿಯನ್ನೂ ಸುಡಬೇಕು. ಹೊಸ ಮದ್ದಿಗೆ ಪರವಾನಗಿ ಬರಲು ಎರಡು ತಿಂಗಳು. ಅವಳ ಸ್ಪರ್ಧೆ ಹೋಯಿತು. ನನ್ನ ಕೆಲಸವೂ. ಇನ್ನು ಒಂಬತ್ತು ದಿನ ಇದೆ. ಹೇಳಲಾ, ಬೇಡವಾ?

ಅಕ್ಷಯಾ


ಮಂಗಳೂರು
30 ಜನವರಿ 2025

ಮಗಾ ಅಕ್ಷಯಾ,

ಏನೂ ಆಗಿರಲಿಕ್ಕಿಲ್ಲ. ನಿನ್ನದು ಬರೀ ಹೆದರಿಕೆ. ನಿಯಮ ತಪ್ಪುವವಳಲ್ಲ ನೀನು, ನಾನು ನೋಡಿದ್ದೇನಲ್ಲ. ಕೈಕಾಲು ಮುಖ ತೊಳೆದು ಒಂದು ಒಳ್ಳೆಯ ನಿದ್ದೆ ಮಾಡು, ಎಲ್ಲ ಸರಿಯಾಗುತ್ತದೆ.

ಅಪ್ಪ


ಮಂಗಳೂರು
31 ಜನವರಿ 2025

ಅಕ್ಷಯಾ,

ನಿನ್ನೆಯ ಕಾಗದವನ್ನು ಅಳಿಸಿಬಿಡು. ಅದು ನನ್ನ ಮಾತಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಒಬ್ಬರು ನನಗೆ ಹೇಳಿದ್ದ ಮಾತು, ಅಕ್ಷರಕ್ಕೆ ಅಕ್ಷರ. ಬರೆದು ಕಳಿಸಿದ ಮೇಲೆ ಗೊತ್ತಾಯಿತು ನಾನು ಯಾರ ಹಾಗೆ ಮಾತಾಡಿದ್ದೇನೆಂದು.

ನೀನು ಹುಟ್ಟಿ ನಾಲ್ಕು ತಿಂಗಳಾಗಿತ್ತು. ನಿನ್ನ ಅಮ್ಮ ದಮಯಂತಿಗೆ ಕಾಮಾಲೆ ಆಗಿ ಆಸ್ಪತ್ರೆಯಲ್ಲಿದ್ದಳು. ಹದಿನೆಂಟು ದಿನ ನೀನು ನನ್ನ ಹೆಗಲ ಮೇಲೆ. ಇಳಿಸಿದರೆ ಅಳುತ್ತಿದ್ದಿ. ಹಗಲು ನಿನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಕ್ಲಬ್ಬಿಗೆ ಹೋಗುತ್ತಿದ್ದೆ. ಸ್ಪರ್ಧೆಗೆ ಐವತ್ತು ತೋಟೆ ತುಂಬಿದೆ. ತುಂಬಿ ಮುಗಿದಾಗ ಮೇಜಿನ ಮೇಲೆ ಎರಡು ಡಬ್ಬಿ ಇತ್ತು. ಎರಡನೆಯದು ಯಾವಾಗ ಬಂತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕ್ಲಬ್ಬಿನ ಹಿರಿಯರೊಬ್ಬರ ಹತ್ತಿರ ಹೇಳಿದೆ. ಅವರೀಗ ಇಲ್ಲ. “ಏನೂ ಆಗಿರಲಿಕ್ಕಿಲ್ಲ ಗುರುವ, ನಿನ್ನದು ಬರೀ ಹೆದರಿಕೆ. ಹೋಗಿ ಮಲಗು” ಎಂದರು. ನನಗೆ ಅದೇ ಬೇಕಿತ್ತು. ನಂಬಿದೆ.

ಸ್ಟೀಫನ್ ಅಂತ ಬ್ಯಾಂಕಿನಲ್ಲಿ ಟೈಪಿಸ್ಟ್ ಆಗಿದ್ದ. ಮೂರನೆಯ ಗುಂಡಿಗೆ ರೈಫಲು ಅವನ ಕೈಯಲ್ಲೇ ಒಡೆಯಿತು. ಬಲಗೈಯ ಮೂರು ಬೆರಳು ಹೋಯಿತು. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಮೂವತ್ತು ವರ್ಷ ಸದ್ದು ಕೇಳಿ ಕಿವಿ ಹೋಯಿತು ಎಂದು ನಿನಗೆ ಹೇಳಿದ್ದೆ. ಎಡಗಿವಿ ಆ ಒಂದೇ ದಿನ ಹೋದದ್ದು.

ವಿಚಾರಣೆ ಆಯಿತು. ರೈಫಲು ಹಳೆಯದು, ಲೋಹ ಸವೆದಿತ್ತು ಎಂದು ಬರೆದರು. ನಾನು ಕೆಳಗೆ ಸಹಿ ಹಾಕಿದೆ. ಉಳಿದ ನಲವತ್ತೇಳು ತೋಟೆಯನ್ನು ಉಳ್ಳಾಲ ಸಂಕದಿಂದ ನೇತ್ರಾವತಿಗೆ ಎಸೆದೆ. ಮೇಜಿನ ಮೇಲೆ ಒಂದೇ ಡಬ್ಬಿ ಎಂಬ ನಿಯಮ ಅದರ ಮರುದಿನ ಮಾಡಿದ್ದು. ಎಲ್ಲರೂ ಹೊಗಳಿದರು.

ಒಂದು ಮಾತು. ನೀನು ಅತ್ತದ್ದರಿಂದ ಆದದ್ದಲ್ಲ ಇದು. ಮಗು ಅಳುತ್ತದೆ. ನಾನು ಆ ಕೋಣೆಗೆ ಹೋಗಬಾರದಿತ್ತು, ಹೋದ ಮೇಲೆ ಬಾಯಿ ಬಿಡಬೇಕಿತ್ತು.

ನಿನ್ನ ಡಬ್ಬಿಯಲ್ಲಿ ಬೆರೆತಿದೆಯೋ ಇಲ್ಲವೋ ನನಗೆ ಇಲ್ಲಿಂದ ಗೊತ್ತಾಗುವುದಿಲ್ಲ. ಬೆರೆಯದೆಯೂ ಇರಬಹುದು. ನನ್ನದು ಬೆರೆಯದಿದ್ದು, ರೈಫಲೇ ಹಳೆಯದಾಗಿದ್ದಿರಲೂಬಹುದು. ಅದನ್ನೇ ಇಪ್ಪತ್ತೆಂಟು ವರ್ಷ ಹೇಳಿಕೊಂಡು ಬಂದೆ. ಹೇಳಿಕೊಂಡದ್ದರಿಂದ ಏನೂ ಹಗುರಾಗಲಿಲ್ಲ, ಮಗಾ.

ಗುರುವ


ನಿಜ್ವಾ
9 ಫೆಬ್ರವರಿ 2025

ಅಪ್ಪಾ,

ನಿಮ್ಮ ಕಾಗದ ಓದಿ ಎದ್ದವಳು ಮಗುವನ್ನು ಲಕ್ಷಿತ್ ಕೈಗೆ ಕೊಟ್ಟೆ. ಶುಕ್ರವಾರ, ರಜೆ. “ಎಲ್ಲಿಗೆ?” ಎಂದರು. “ರಯ್ಯಾಳ ಮನೆಗೆ, ಹೇಳ್ಲಿಕ್ಕೆ” ಎಂದೆ. ನನ್ನ ಮುಖ ನೋಡಿ ತಮಾಷೆ ಮಾಡಲಿಲ್ಲ. ಮಗುವನ್ನೂ ಕೂರಿಸಿಕೊಂಡು ತಾವೇ ಬಿಟ್ಟರು.

ಅವಳು ಅಂಗಳದಲ್ಲಿ ಫಲಜ್ ಎನ್ನುವ ಕಾಲುವೆಯ ನೀರು ಗಿಡಗಳಿಗೆ ತಿರುಗಿಸುತ್ತಿದ್ದಳು. ನಿಂತೇ ಕೇಳಿದಳು. ಕೇಳಿ ಕಾಲುವೆಗೆ ಅಡ್ಡ ಕಲ್ಲಿಟ್ಟು ನೀರು ನಿಲ್ಲಿಸಿದಳು.

“ಯಾವತ್ತಿನಿಂದ ಗೊತ್ತು ನಿನಗೆ?”

“ಮಂಗಳವಾರದಿಂದ.”

“ಬುಧವಾರ, ಗುರುವಾರ. ಆ ಎರಡು ದಿನದಲ್ಲಿ ನಾನು ಒಂದು ಹೊಡೆದು ನೋಡುವ ಅಂತ ತಿಜೋರಿ ತೆಗೆದಿದ್ದರೆ?”

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಗಾಡಿಯ ಕೀಲಿ ತಂದು, “ಯಲ್ಲಾ, ನಡೆ” ಎಂದಳು, ಅಷ್ಟೇ.

ಅರುವತ್ತನ್ನೂ ನಾವಿಬ್ಬರೇ ಬಿಚ್ಚಿದೆವು. ಒಂದು ಟೊಳ್ಳು ಸುತ್ತಿಗೆಯೊಳಗೆ ತೋಟೆಯನ್ನು ಸಿಕ್ಕಿಸಿ ಮರದ ಮೇಲೆ ಬಡಿದರೆ ಗುಂಡು ಕಳಚಿ ಬೀಳುತ್ತದೆ. ಒಂದು ಅವಳು, ಒಂದು ನಾನು. ಕೂದಲಿನಷ್ಟು ಲೆಕ್ಕ ಹಾಕಿ ಕೂರಿಸಿದ್ದನ್ನು ಬಡಿದು ಬಡಿದು ಬೀಳಿಸಿದೆವು. ಮದ್ದನ್ನು ಬಿಳಿ ಹಾಳೆಯ ಮೇಲೆ ಹರಡಿ, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಭೂತಗನ್ನಡಿ ಹಿಡಿದು ಕೂತೆವು. “ಇದು ಗಿಡ್ಡ ಅಲ್ಲವಾ?” ಎಂದಳು. ಹೌದು ಅನಿಸಿತು. ಆಮೇಲೆ ಅಲ್ಲ ಅನಿಸಿತು. ಅವಳಿಗೂ ಹಾಗೆಯೇ. ಒಂದು ಗಂಟೆಯಾದ ಮೇಲೆ ಭೂತಗನ್ನಡಿ ಕೆಳಗಿಟ್ಟು “ಖಲಾಸ್” ಎಂದಳು.

ಅದೂ, ಎರಡು ಡಬ್ಬಿಗಳದ್ದೂ, ಬಯಲಿಗೆ ಒಯ್ದು ನೆಲದ ಮೇಲೆ ತೆಳ್ಳಗೆ ಉದ್ದಕ್ಕೆ ಸುರಿದೆವು. ತುದಿಗೆ ಬೆಂಕಿ ಕೊಟ್ಟು ದೂರ ನಿಂತೆವು. ಸದ್ದೇ ಇಲ್ಲ ಅಪ್ಪಾ. ಹಳದಿ ಬೆಂಕಿ ಮೆಲ್ಲಗೆ ಉಸ್ಸೆಂದು ನಮ್ಮ ಎದುರಿನಿಂದ ನಡೆದುಕೊಂಡು ಹೋಯಿತು. ಮೂರು ತಿಂಗಳ ಕೆಲಸ ಹೋದದ್ದು ಅಷ್ಟೇ ಹೊತ್ತಿನಲ್ಲಿ. ಬೆರೆತಿತ್ತೋ ಇಲ್ಲವೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಹಿಂದೆ ಬರುವಾಗ ನನ್ನ ಹತ್ತಿರದ ಕೋಣೆಯ ಕೀಲಿ ಕೇಳಿದಳು. ಕೊಟ್ಟೆ. “ಮಗು ನಿದ್ದೆ ಮಾಡಲು ಕಲಿತ ಮೇಲೆ ಬಾ” ಎಂದಳು. ಸ್ವಲ್ಪ ದೂರ ಹೋಗಿ, “ಅಲ್ಲ, ನೀನು ಕಲಿತ ಮೇಲೆ” ಎಂದಳು. ಅದು ಕೆಲಸದಿಂದ ತೆಗೆದದ್ದೋ, ಕರೆದದ್ದೋ ತಿಳಿಯುವ ಮೊದಲೇ ನನ್ನ ತಲೆ ಕಿಟಕಿಗೆ ವಾಲಿತ್ತು.

ಎಚ್ಚರವಾದಾಗ ಎದುರಿಗೆ ಒಂದು ಮಣ್ಣಿನ ಕೋಟೆ, ಬಿಸಿಲಲ್ಲಿ ಹಣ್ಣಾದ ಹಾಗಿತ್ತು. ಇನ್ನೊಂದು ಕನಸು ಎಂದುಕೊಂಡೆ. ಅದು ಬಹ್ಲಾದ ಕೋಟೆ. ನಮ್ಮ ಮನೆಯ ತಿರುವು ಬಿಟ್ಟು ಅರ್ಧ ಗಂಟೆಯ ದಾರಿ ಮುಂದೆ ಬಂದಿದ್ದೆವು. ನಿಲ್ಲಿಸಿದರೆ ನಾನು ಏಳುತ್ತೇನೆಂದು ಅವಳು ಓಡಿಸುತ್ತಲೇ ಇದ್ದಳಂತೆ. “ಪೆಟ್ರೋಲ್ ಮುಗಿಯುತ್ತಾ ಬಂತು, ಇಲ್ಲದಿದ್ದರೆ ಯೆಮನ್ ತನಕ ಹೋಗುತ್ತಿದ್ದೆ” ಎಂದಳು. ಮುಖದ ಮೇಲೆ ನಗು ಇರಲಿಲ್ಲ.

ಮೊನ್ನೆ ಸ್ಪರ್ಧೆಯಲ್ಲಿ ಅಂಗಡಿಯ ತೋಟೆಯಲ್ಲೇ ಹೊಡೆದಳು. ಇಪ್ಪತ್ತಮೂರು ಜನರಲ್ಲಿ ಹತ್ತೊಂಬತ್ತನೆಯವಳು. ನಾನು ಹೋಗಿದ್ದೆ, ಹಿಂದಿನ ಸಾಲಿನಲ್ಲಿ ಮಗುವನ್ನು ಎತ್ತಿಕೊಂಡು. ಗಾಳಿ ಹೇಳಲು ಬೇರೆ ಯಾರೋ ಇದ್ದರು. ಅವಳು ಮುಗಿಸಿ ಎದ್ದಳು, ಎರಡೂ ಕೈಯಿಂದ ಬಟ್ಟೆಯ ಧೂಳು ಕೊಡವಿದಳು. ಹತ್ತು ಬೆರಳುಗಳನ್ನೂ ನಾನು ನೋಡಿದೆ, ಅಪ್ಪಾ.

ಈಗಲೂ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಗ್ಯಾಸೂ ನೋಡುತ್ತೇನೆ. ಆ ಹೆದರಿಕೆಗಳಿಗೆ ತಳವಿಲ್ಲ, ನೋಡಿದಷ್ಟೂ ಇರುತ್ತವೆ. ಇದಕ್ಕೆ ಮಾತ್ರ ಒಂದು ತಳವಿತ್ತು. ಕಾಲು ತಾಗಿತು. ಲಕ್ಷಿತ್ ನನ್ನನ್ನು ಇಲ್ಲಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ, ನಾಳಿದ್ದು.

ನಿಮ್ಮ ವಿಷಯ ನಾನು ಏನೂ ಬರೆದಿಲ್ಲ. ಬರೆಯಲು ಕೂತು ಮೂರು ಹಾಳೆ ಹರಿದೆ. ಹದಿನೆಂಟು ದಿನ ನಿಮ್ಮ ಹೆಗಲ ಮೇಲೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ಅಷ್ಟು ಮಾತ್ರ ಈಗ ಹೇಳಬಲ್ಲೆ.

ನಿಮ್ಮ ಅಕ್ಷಯಾ


ಮಂಗಳೂರು
2 ಮಾರ್ಚ್ 2025

ಮಗಾ,

ನಿನ್ನೆ ಕುಲಶೇಖರಕ್ಕೆ ಹೋಗಿದ್ದೆ, ಸ್ಟೀಫನ್ ಮನೆಗೆ. ದಮಯಂತಿಗೆ ಹೇಳಿಯೇ ಹೋದೆ. ಅವಳು ನಮ್ಮ ಕಾಗದಗಳನ್ನೆಲ್ಲ ಓದಿ, ಶರ್ಟಿಗೆ ಇಸ್ತ್ರಿ ಹಾಕಿ ಕೊಟ್ಟಳು.

ಅವನು ಚಾವಡಿಯಲ್ಲಿ ಕೂತು ಎಡಗೈಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದ. ತಲೆ ಪೂರ್ತಿ ಬಿಳಿಯಾಗಿದೆ. ನಾನು ಬಾಯಲ್ಲಿ ಹೇಳಿದರೆ ಅವನ ಉತ್ತರ ನನಗೆ ಕೇಳುವುದಿಲ್ಲವಲ್ಲ, ಅದಕ್ಕೆ ಮನೆಯಲ್ಲೇ ಎರಡು ಹಾಳೆ ಬರೆದು ತಂದಿದ್ದೆ, ಆಗ ನೀನು ಹೆಗಲ ಮೇಲೆ ಅಳುತ್ತಿದ್ದದ್ದನ್ನೂ ಸೇರಿಸಿ. ಕೊಟ್ಟೆ. ಕನ್ನಡಕ ಹಾಕಿ ಎರಡು ಸಲ ಓದಿದ. ಒಳಗೆ ಹೋದ. ತುಂಬ ಹೊತ್ತು ಬರಲಿಲ್ಲ. ಅವನ ಹೆಂಡತಿ ಲಿಂಬೆ ಶರಬತ್ತು ತಂದಿಟ್ಟು ನನ್ನ ಮುಖ ನೋಡದೆ ಹೋದಳು. ಎದ್ದು ಬರುವ ಅಂತ ಎರಡು ಸಲ ಚಪ್ಪಲಿಗೆ ಕಾಲು ಹಾಕಿದೆ.

ಕೊನೆಗೆ ಬಂದ. ಇಗರ್ಜಿಯ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು ತಂದಿದ್ದ. ಎಡಗೈಯಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದ. ಟೈಪಿಸ್ಟ್ ಆಗಿದ್ದವನು, ಅಕ್ಷರ ಮಕ್ಕಳ ಹಾಗೆ. “ಬೈದರೆ ನಿನಗೆ ಕೇಳುವುದಿಲ್ಲ. ಬರೆಯುವ ಅಂದರೆ ನನ್ನ ಕೈ ನೋಯುತ್ತದೆ. ಪುಣ್ಯವಂತ ನೀನು.”

ಅವನು ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಕೆಳಗೆ ಇನ್ನೊಂದು ಸಾಲು ಬರೆಯಲು ತೊಡಗಿದ. ಒಂದೊಂದು ಅಕ್ಷರಕ್ಕೂ ಸಮಯ ತೆಗೆದುಕೊಂಡ. ನೋಡುತ್ತಾ ಕೂರುವುದು ಬಿಟ್ಟು ನನಗೆ ಬೇರೆ ದಾರಿಯಿರಲಿಲ್ಲ. ಬರೆದು ನನ್ನ ಕಡೆ ತಿರುಗಿಸಿದ.

“ಆ ಮಗು ಈಗ ನಿದ್ದೆ ಮಾಡುತ್ತದಾ?”

ಪೆನ್ನನ್ನು ನನ್ನ ಕೈಗೆ ಕೊಟ್ಟ. ಮಗಳನ್ನು ಕೇಳಿ ಹೇಳುತ್ತೇನೆ ಎಂದು ಬರೆದು ಬಂದಿದ್ದೇನೆ. ಮುಂದಿನ ಭಾನುವಾರ ಮತ್ತೆ ಬರಲು ಹೇಳಿದ್ದಾನೆ. ಅಷ್ಟರೊಳಗೆ ತಿಳಿಸು.

ಅಪ್ಪ